ಹಲಗೆಯ ಕೆಳಗಿನ ಒಂದು ಗೇಣು

ಆ ಕರಿಹಲಗೆಗೆ ನಾನು ಕೊಟ್ಟದ್ದು ಹದಿನೆಂಟು ಜೊತೆ ಚಹಾದ ಕಪ್ಪು-ಬಸಿ ಮತ್ತು ಒಂದು ಬಿಳಿ ಎನಾಮಲ್ ಬೋಗುಣಿ. ಅದು ಯಾವುದೋ ಹಳೆಯ ವಾಡೆಯಿಂದ ಕಿತ್ತು ತಂದ ಸಾಗವಾನಿ ಬಾಗಿಲಿನ ಒಂದು ಕದ. ಬಡಗಿ ಅದಕ್ಕೆ ನುಣ್ಣಗೆ ಹತ್ತರಿ ಹೊಡೆದು ಕರಿಬಣ್ಣ ಬಳಿದುಕೊಟ್ಟಿದ್ದ. ಅವನ ಮಗಳನ್ನು ನೋಡಲು ಗಂಡಿನವರು ಬರುವ ಸುದ್ದಿ ನನಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಇದ್ದ ಬಸಿಗಳೆಲ್ಲ ಅಂಚು ಒಡೆದವು ಎಂಬುದೂ ಗೊತ್ತಿತ್ತು. ಅವನು ಮೂವತ್ತು ಜೊತೆಯಿಂದ ಶುರು ಮಾಡಿದ, ನಾನು ಹತ್ತರಿಂದ. ಹದಿನೆಂಟಕ್ಕೆ ಇಬ್ಬರೂ ನಿಂತೆವು. ಬೋಗುಣಿ ಮಾತ್ರ ವ್ಯಾಪಾರದಲ್ಲಿ ಇರಲಿಲ್ಲ. ಅವನ ಹೆಂಡತಿ ಅದನ್ನು ಎತ್ತಿಕೊಂಡವಳು ಕೆಳಗೆ ಇಡಲೇ ಇಲ್ಲ.

ಹಲಗೆಗೆ ಬಿದ್ದ ಬೆಲೆ ಅಷ್ಟೇ. ಅದರ ಮೇಲೆ ಒಂದು ಭಾನುವಾರ ಬರೆದ ಎರಡು ಸಾಲಿಗೆ ನಾನು ತೆತ್ತ ಬೆಲೆ ಬೇರೆ. ಅದೇ ತುಟ್ಟಿಯಾದದ್ದು, ಕೊನೆಗೆ ಅದೇ ಲಾಭಕ್ಕೆ ಬಂದದ್ದು.

ನಾನು ಗದಗಿನ ಕಡೆಯವಳು. ಕನ್ನಡ ನಾಲ್ಕನೇ ಇಯತ್ತೆ ಓದಿದ್ದೆ. ರೈಲ್ವೆಯಲ್ಲಿ ಖಲಾಸಿಯಾಗಿದ್ದ ಗಂಡನ ಹಿಂದೆ ನಾಗಪುರಕ್ಕೆ ಬಂದೆ. ನಾಲ್ಕು ವರ್ಷಕ್ಕೆ ಅವರು ಜ್ವರದಲ್ಲಿ ಹೋದರು. ಅಣ್ಣ ಕರೆಯಲು ಬಂದ. ಅವನ ಜೊತೆ ಹೋದರೆ ಉಳಿದ ಆಯುಷ್ಯವೆಲ್ಲ ಅತ್ತಿಗೆಯ ಅಡುಗೆಮನೆಯಲ್ಲಿ ಕಳೆಯಬೇಕು. ಇಲ್ಲೇ ನಿಂತೆ. ಒಂದು ಬುಟ್ಟಿ ಕಪ್ಪು-ಬಸಿ ಉದ್ರಿ ತಂದು ತಲೆಯ ಮೇಲೆ ಹೊತ್ತು ಮನೆಮನೆಗೆ ತಿರುಗಿದೆ. ಹಳೆಯ ಬಟ್ಟೆ ಕೊಟ್ಟವರಿಗೆ ಕಪ್ಪು-ಬಸಿ. ಆ ಬಟ್ಟೆಯನ್ನು ಸಗಟು ವ್ಯಾಪಾರಿಗೆ ಕೊಟ್ಟು ನನಗೆ ರೊಟ್ಟಿ. ಏಳು ವರ್ಷ ಬುಟ್ಟಿ ಹೊತ್ತು, ಮರಾಠಿ ಮಾತನ್ನೂ ಅಕ್ಷರವನ್ನೂ ಕಲಿತ ಮೇಲೆ ಸೀತಾಬರ್ಡಿ ಪೇಟೆಯ ಅಂಚಿನಲ್ಲಿ, ನಮ್ಮ ಗಲ್ಲಿಯ ಬಾಯಿಗೇ ಒಂದು ಪುಟ್ಟ ಅಂಗಡಿ ಹಿಡಿದೆ.

ಈ ಕಸುಬು ಎರಡು ವಿದ್ಯೆ ಕಲಿಸುತ್ತದೆ. ಮೊದಲನೆಯದು, ನಾಲ್ಕು ಬೇಕಾದರೆ ಎಂಟು ಕೇಳುವುದು. ಎರಡನೆಯದು, ಬಟ್ಟೆ ನೋಡಿ ಮನೆ ತಿಳಿಯುವುದು. ಒಂದು ಮನೆಯಿಂದ ಎರಡು ವರ್ಷ ಬಟ್ಟೆ ತೆಗೆದುಕೊಂಡರೆ ಅಲ್ಲಿ ಎಷ್ಟು ಜನ, ಯಾರು ದಪ್ಪಗಾದರು, ಯಾವ ಸೊಸೆ ತವರಿಗೆ ಹೋದವಳು ತಿರುಗಿ ಬಂದಿಲ್ಲ ಎಂಬುದನ್ನು ಹೊಸ್ತಿಲು ದಾಟದೆ ಹೇಳಬಹುದು. ನನ್ನ ಕತೆಯಲ್ಲಿ ಮೊದಲ ವಿದ್ಯೆ ನನ್ನನ್ನು ಮುಳುಗಿಸಿತು, ಎರಡನೆಯದು ದಡ ಹತ್ತಿಸಿತು.

ನಮ್ಮ ಗಲ್ಲಿ ರೈಲು ಹಳಿಯ ಪಕ್ಕಕ್ಕೆ ಉದ್ದಕ್ಕೆ ಮಲಗಿತ್ತು. ಅಷ್ಟಕ್ಕೂ ಒಂದೇ ನಳ, ನನ್ನ ಅಂಗಡಿಯ ಎದುರಿಗೆ. ಬೆಳಿಗ್ಗೆ ಎರಡು ತಾಸು, ಸಂಜೆ ಒಂದು ತಾಸು ನೀರು. ಕೊಡ ಇಡಲು ಜಾಗ ಸಿಗದವರು ಕಲ್ಲು ಇಟ್ಟು ಪಾಳಿ ಹಿಡಿಯುತ್ತಿದ್ದರು. ನಾಗಪುರದ ಬಿಸಿಲು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ: ಚೈತ್ರ ಕಳೆದರೆ ನಳದ ಧಾರೆ ದಾರದಷ್ಟು ಸಣ್ಣಗಾಗುತ್ತಿತ್ತು, ಜಗಳದ ದನಿ ಮಾತ್ರ ದಪ್ಪವಾಗುತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ನಮ್ಮ ಕಡೆಯಿಂದ ಗೆದ್ದವರು ಒಬ್ಬ ವಕೀಲರು. ನಾಗಪುರವೇ ಆಗ ರಾಜಧಾನಿ, ವಿಧಾನಸಭೆ ಇಲ್ಲೇ ಕೂಡುತ್ತಿತ್ತು, ಆದ್ದರಿಂದ ನಮ್ಮ ಶಾಸಕರು ನಮಗೆ ಸೈಕಲ್ ಮೇಲೆ ಸಿಗುತ್ತಿದ್ದರು. ಎಲ್ಲರೂ ಅವರನ್ನು ಆಮದಾರ ಸಾಹೇಬರು ಎನ್ನುತ್ತಿದ್ದರು. ಅವರಿಗೊಂದು ಹುಚ್ಚು: ಸಭೆಯಲ್ಲಿ ಏನು ನಡೆಯಿತೆಂಬುದನ್ನು ಮತ ಹಾಕಿದವರಿಗೆ ಪ್ರತಿ ವಾರ ತಿಳಿಸಬೇಕು. ಮೊದಲು ಮೀಟಿಂಗ್ ಕರೆದರು, ಗಂಡಸರು ನಾಲ್ಕು ಜನ ಬಂದರು, ಅದರಲ್ಲಿ ಇಬ್ಬರು ಚಹಾಕ್ಕೆ. ಆಮೇಲೆ ಕಾಗದ ಅಂಟಿಸಿದರು, ಮೇಕೆ ತಿಂದವು.

ಒಂದು ದಿನ ಅವರು ನನ್ನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ನಳದ ಪಾಳಿಯನ್ನೂ ನನ್ನ ಪಕ್ಕದ ಗೋಡೆಯನ್ನೂ ಒಂದರ ನಂತರ ಒಂದು ನೋಡಿದರು. ಗಲ್ಲಿಯ ಮಾತೆಲ್ಲ ಮರಾಠಿ, ಹಿಂದಿ. ಅದನ್ನು ಇಲ್ಲಿ ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಬಾಯಿ, ಈ ಗೋಡಿ ನನಗ ಬೇಕು,” ಅಂದರು. ಅಲ್ಲಿ ಹೆಂಗಸರನ್ನು ಬಾಯಿ ಎಂದೇ ಕರೆಯುವುದು.

“ಗೋಡಿ ಮಾರಾಟಕ್ಕಿಲ್ಲ, ಸಾಹೇಬ್. ಕಪ್ಪು-ಬಸಿ ಅದಾವ, ನೋಡ್ರಿ.”

“ಮಾರೂದು ಬ್ಯಾಡ. ಒಂದು ಕರಿಹಲಗಿ ಹಾಕೋಣು. ದಿನಾ ಇನ್ನೂರು ಮಂದಿ ಇಲ್ಲಿ ತಾಸುಗಟ್ಲೆ ನಿಂದರ್ತಾರ. ನಿಂತವರು ಓದೇ ಓದ್ತಾರ.”

“ನಿಮಗ ಓದೋರು ಸಿಕ್ಕರು. ನನಗ ಏನು ಸಿಗ್ತೈತಿ?”

ಅವರು ನಕ್ಕರು. ವಕೀಲರಲ್ಲವೇ, ಚೌಕಾಸಿಯ ರುಚಿ ಅವರಿಗೂ ಗೊತ್ತಿತ್ತು. “ನೀವೇ ಹೇಳ್ರಿ.”

ನಾನು ಅರ್ಧ ಹಲಗೆ ಕೇಳಿದೆ. ಅಂಗಡಿಗೆ ಯಾವ ಮಾಲು ಬಂದಿದೆ ಎಂದು ಬರೆಯಲಿಕ್ಕೆ. ಅವರು ಕಾಲು ಭಾಗವೂ ಆಗದು ಅಂದರು. ಹಲಗೆಯನ್ನು ನಾನೇ ತರುತ್ತೇನೆ ಎಂದೆ. ಕೊನೆಗೆ ಅವರು ತಮ್ಮ ಕೈಯನ್ನು ಅಗಲ ಮಾಡಿ ಗೋಡೆಗೆ ಒತ್ತಿ ತೋರಿಸಿದರು: “ಕೆಳಗಿನ ಒಂದು ಗೇಣು ನಿಮ್ಮದು. ಅದರಾಗ ನೀವು ಏನರ ಬರೀರಿ, ನಾ ಕೇಳೂದಿಲ್ಲ. ಮ್ಯಾಲಿಂದು ನಂದು, ಅದರಾಗ ನಾ ಏನು ಬರದರೂ ನೀವು ಕೇಳಂಗಿಲ್ಲ. ಬರೋಬರ್?”

“ಬರೋಬರ್,” ಅಂದೆ. ಆ ಎರಡನೆಯ ವಾಕ್ಯವನ್ನು ನಾನು ಸರಿಯಾಗಿ ತೂಗಿ ನೋಡಲಿಲ್ಲ. ತಮಗೆ ಸಿಕ್ಕದ್ದನ್ನೇ ನೋಡುತ್ತ ಎದುರಿನವನಿಗೆ ಸಿಕ್ಕದ್ದನ್ನು ಮರೆಯುವವರು ವ್ಯಾಪಾರದಲ್ಲಿ ಇನ್ನೂ ಹಸಿ ಎಂದೇ ಅರ್ಥ. ಇದನ್ನು ನಿಮಗೂ ಹೇಳಿಟ್ಟಿದ್ದೇನೆ.

ಪ್ರತಿ ಭಾನುವಾರ ಬೆಳಿಗ್ಗೆ ನೀರು ಬರುವ ಹೊತ್ತಿಗೆ ಸರಿಯಾಗಿ ಸಾಹೇಬರು ಬರುತ್ತಿದ್ದರು. ಜೇಬಿನಿಂದ ಸೀಮೆಸುಣ್ಣ ತೆಗೆದು ಬರೆಯುತ್ತಿದ್ದರು. ಯಾವ ಶಾಲೆಗೆ ಎಂದಿನಿಂದ ಹೆಸರು ಹಚ್ಚುತ್ತಾರೆ, ಸಿಡುಬು ಬರದಂತೆ ದೇವಿ ಚುಚ್ಚುವವರು ಯಾವ ದಿನ ಬರುತ್ತಾರೆ, ಈ ವಾರ ತಾವು ಯಾವ ಪ್ರಶ್ನೆ ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು. ಓದು ಬಾರದವರಿಗೆ ಓದಿ ಹೇಳುವವಳು ನನ್ನ ಪಕ್ಕದ ಮನೆಯ ಮರಾಠಿ ಹೆಂಗಸು. ಎಲ್ಲರೂ ಅವಳನ್ನು ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದರು. ಅವಳ ನಾಲಿಗೆ ನನ್ನ ಅಂಗಡಿಯ ಯಾವ ಬಸಿಗಿಂತಲೂ ಅಂಚು ಹರಿತ. “ಮಂತ್ರಿಗಳು ವಿಚಾರ ಮಾಡ್ತಾರಂತ,” ಎಂದು ಓದಿ, “ನನ್ನ ಗಂಡನೂ ಹತ್ತು ವರ್ಷದಿಂದ ನಂಗ ಬಂಗಾರದ ಬಳಿ ಮಾಡಸೂ ವಿಚಾರ ಮಾಡಾಕತ್ತಾನ,” ಎಂದು ಸೇರಿಸುತ್ತಿದ್ದಳು. ಪಾಳಿ ನಗುತ್ತಿತ್ತು. ಆದರೆ ಓದಿದ್ದು ಮನೆಗೆ ಹೋಗುತ್ತಿತ್ತು, ಮನೆಯಿಂದ ಪ್ರಶ್ನೆ ಬರುತ್ತಿತ್ತು. ಕೆಳಗಿನ ಗೇಣಿನಲ್ಲಿ ನಾನು “ಹೂವಿನ ಕಪ್ಪು ಬಂದಿವೆ” ಎಂದು ಬರೆದರೆ ಅದೂ ಮನೆಗೆ ಹೋಗುತ್ತಿತ್ತು. ನನ್ನ ಹದಿನೆಂಟು ಜೊತೆ ಎರಡು ತಿಂಗಳಲ್ಲಿ ತಿರುಗಿ ಬಂದವು.

ನಳದ ಮಾತು ಹಲಗೆಯಿಂದಲೇ ಹುಟ್ಟಿತು. ಒಂದು ಭಾನುವಾರ ಸಾಹೇಬರು ಬರೆದರು: ಹೊಸ ನಳಗಳಿಗೆ ಸರಕಾರ ಹಣ ಕೊಡಲಿದೆ, ಪ್ರತಿ ವಸತಿಯವರು ಎಷ್ಟು ಮನೆ, ಎಷ್ಟು ನಳ ಬೇಕು ಎಂದು ಅರ್ಜಿ ಬರೆದುಕೊಟ್ಟರೆ ಸಭೆಯಲ್ಲಿ ಕೇಳುತ್ತೇನೆ. ಬೇಸಿಗೆಯ ಒಳಗೆ ಆಗಬೇಕಾದರೆ ಈ ತಿಂಗಳೇ ಅರ್ಜಿ ಬೇಕು.

ಅರ್ಜಿ ಬರೆಯಲು ಕುಳಿತವರು ನಮ್ಮ ಗಲ್ಲಿಯಲ್ಲಿದ್ದ ಇನ್ನೊಂದು ಕನ್ನಡದ ಮನೆಯ ಯಜಮಾನರು. ಧಾರವಾಡದವರು, ರೈಲ್ವೆ ಆಫೀಸಿನಲ್ಲಿ ಕಾರಕೂನರು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕಾಗದ ಹರಡಿ ಕೇಳಿದರು: “ಎಷ್ಟು ಮನಿ ಬರೀಲ್ರಿ, ಅಕ್ಕಾರ?”

“ಮುನ್ನೂರು ಬರೀರಿ. ನಳ ಹತ್ತು.”

“ಮುನ್ನೂರು ಎಲ್ಲಿ ಅದಾವ್ರಿ? ನೂರಾ ಐವತ್ತು ಆದರ ಹೆಚ್ಚು.”

“ಅದಕ್ಕ ಮುನ್ನೂರು ಅನ್ನಾಕತ್ತೀನಿ. ಸರಕಾರ ಅರ್ಧಾ ಕೊಯ್ತೈತಿ. ನೂರಾ ಐವತ್ತು ಬರದರ ಎಪ್ಪತ್ತೈದಕ್ಕ ಕೊಡ್ತಾರ. ನಾ ಬುಟ್ಟಿ ಹೊತ್ತು ತಿರುಗಿದಾಕಿ, ನನಗ ಹೇಳಬ್ಯಾಡ್ರಿ.”

ಅವರು ಪೆನ್ನು ಕಚ್ಚಿಕೊಂಡು ಕುಳಿತರು. ವಹಿನಿ ಪಾಳಿಯಿಂದಲೇ ಕೂಗಿದಳು: “ಬಾಯಿ ಹೇಳಿದಂಗ ಬರೀರಿ, ಭಾವೂ! ಅವಳ ಹತ್ತಿರ ಯಾರರ ಗೆದ್ದಾರೇನು?” ಊರಿಗೆ ಹೋದವರು, ಸತ್ತವರು, ತೊಟ್ಟಿಲ ಕೂಸುಗಳು, ವರ್ಧಾದಲ್ಲಿದ್ದ ಮೈದುನರು, ಎಲ್ಲರೂ ಒಂದೊಂದು ಮನೆಯ ಯಜಮಾನರಾದರು. ಮುನ್ನೂರು ತುಂಬಿತು. ಎಲ್ಲರಿಗೂ ಖುಷಿ. ಸಾಹೇಬರು ನಮ್ಮ ಮೇಲೆ ನಂಬಿಕೆಯಿಟ್ಟು ಅದನ್ನು ಹಾಗೆಯೇ ಒಯ್ದರು.

ನನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಎದುರು ಕುಳಿತು ಚೌಕಾಸಿ ಮಾಡುವವನು ಎಂಟು ಕೇಳಿದರೆ ನಾಲ್ಕು ಎನ್ನುತ್ತಾನೆ. ಸರಕಾರ ಎದುರು ಕೂರುವುದಿಲ್ಲ. ಅದು ಎಣಿಸಲು ಒಬ್ಬ ಓವರ್ಸಿಯರನನ್ನು ಕಳಿಸುತ್ತದೆ, ಎಣಿಕೆ ತಪ್ಪಿದರೆ ಕಾಗದ ಮುಚ್ಚುತ್ತದೆ, ಅಷ್ಟೇ. ಓವರ್ಸಿಯರ್ ಬಂದದ್ದು ಸಂತೆಯ ದಿನ. ಯಾರಿಗೂ ಹೇಳದೆ ಗಲ್ಲಿಯ ಈ ತುದಿಯಿಂದ ಆ ತುದಿಗೆ ಬಾಗಿಲು ಎಣಿಸಿಕೊಂಡು ಹೋಗಿದ್ದ. ನಮಗೆ ಗೊತ್ತೇ ಆಗಲಿಲ್ಲ.

ಗೊತ್ತಾದದ್ದು ವಿಧಾನಸಭೆಯಲ್ಲಿ. ನಮ್ಮ ಪ್ರಶ್ನೆ ಬರುವ ದಿನ ಸಾಹೇಬರು ಐದು ಪಾಸು ಕೊಡಿಸಿದ್ದರು. ನಾಲ್ಕು ಹೆಂಗಸರು ಒಗೆದ ಸೀರೆ ಉಟ್ಟು, ಕಾರಕೂನರನ್ನು ಮುಂದೆ ಬಿಟ್ಟುಕೊಂಡು, ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತೆವು. ಅಷ್ಟು ಎತ್ತರದ ಮಾಳಿಗೆ, ಅಷ್ಟು ಗಾಳಿ. ವಹಿನಿ, “ಇಲ್ಲೇ ಒಂದು ಕೊಡ ಇಟ್ಟು ಪಾಳಿ ಹಿಡೀಬೇಕು ನೋಡು,” ಅಂದಳು. ಸಾಹೇಬರು ಎದ್ದು ಪ್ರಶ್ನೆ ಕೇಳಿದರು. ಮಂತ್ರಿಗಳು ಕಾಗದ ನೋಡಿ ಹಿಂದಿಯಲ್ಲಿ ಉತ್ತರ ಓದಿದರು: ತನಿಖೆ ಮಾಡಿಸಲಾಗಿದೆ, ಅರ್ಜಿಯಲ್ಲಿ ಮುನ್ನೂರು ಮನೆ ಎಂದಿದೆ, ಇರುವುದು ನೂರ ಐವತ್ತೊಂದು, ಅರ್ಜಿ ನಂಬಲು ಯೋಗ್ಯವಲ್ಲವೆಂದು ಕೈಬಿಡಲಾಗಿದೆ. ಕೆಳಗೆ ಯಾರೋ ನಕ್ಕರು. ಸಾಹೇಬರು ಕುಳಿತರು. ಗ್ಯಾಲರಿಯ ಕಡೆ ತಲೆ ಎತ್ತಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಬರುವ ಭಾನುವಾರ ಅವರು ಬರಲಿಕ್ಕಿಲ್ಲ ಎಂದುಕೊಂಡೆ. ಬಂದರು. ಅದೇ ಸೈಕಲ್, ಅದೇ ಸೀಮೆಸುಣ್ಣ. ಹಲಗೆಯ ಮೇಲೆ ಮಂತ್ರಿಗಳ ಉತ್ತರವನ್ನು ಒಂದಕ್ಷರ ಬಿಡದೆ ಬರೆದರು. ಅದರ ಕೆಳಗೆ ಎರಡು ಸಾಲು: “ನಮ್ಮ ಅರ್ಜಿಯಲ್ಲಿದ್ದ ಸಂಖ್ಯೆ ಸುಳ್ಳು. ನಾನು ಅದನ್ನು ಪರೀಕ್ಷಿಸದೆ ಒಯ್ದೆ, ಅದು ನನ್ನ ತಪ್ಪು.”

ನಾನು ಓಡಿಹೋಗಿ ಬಟ್ಟೆ ಹಿಡಿದು ನಿಂತೆ. “ಅಳಸ್ರಿ ಸಾಹೇಬ್. ದಾರಿ ಮ್ಯಾಲೆ ಹೋಗೋರು ಓದ್ತಾರ. ಗೋಡಿ ನಂದು.”

“ಗೋಡಿ ನಿಮ್ಮದು, ಬಾಯಿ. ಸುದ್ದಿ ನಿಮ್ಮದಲ್ಲ. ಒಳ್ಳೇದು ಬಂದಾಗ ಬರದು ಕೆಟ್ಟದ್ದು ಬಂದಾಗ ಅಳಿಸಿದರ, ಮುಂದಿನ ವಾರ ನಾ ಬರದದ್ದನ್ನ ಯಾರು ನಂಬ್ತಾರ?” ಅಷ್ಟು ಹೇಳಿ ಸೈಕಲ್ ಹಿಡಿದರು. ಹತ್ತುವ ಮುಂಚೆ ಕೇಳಿದರು: “ಮ್ಯಾಲಿಂದು ನಂದು ಅಂತ ಮಾತಾಗಿತ್ತಲ್ಲ?”

ಮಾತಾಗಿತ್ತು. ಮಾತಿಗೆ ನಿಲ್ಲದಿದ್ದರೆ ವ್ಯಾಪಾರಿ ಎನ್ನಿಸಿಕೊಳ್ಳುವುದಾದರೂ ಹೇಗೆ? ಬಟ್ಟೆಯನ್ನು ಒಳಗೆ ಇಟ್ಟೆ.

ಸಂಖ್ಯೆ ಯಾರದು ಎಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ, ಗಲ್ಲಿಗೆಲ್ಲ ಗೊತ್ತಿತ್ತು. “ಹತ್ತು ನಳ ಬಂದಾವೇನು, ಬಾಯಿ?” ಎಂದು ಪಾಳಿಯಲ್ಲಿ ಒಬ್ಬಳು ಕೇಳಿದರೆ ಇನ್ನೊಬ್ಬಳು, “ಮುನ್ನೂರು ಬಂದಾವ, ಅರ್ಧಾ ತೊಟ್ಟಿಲದಾಗ ಅದಾವ,” ಎನ್ನುತ್ತಿದ್ದಳು. ಮೊದಲು ನನ್ನ ಜೊತೆ ಸೇರಿ ನಕ್ಕವರೇ ಇವರು. ಹಳೆಯ ಬಟ್ಟೆ ತರುವುದನ್ನು ಹೆಂಗಸರು ನಿಲ್ಲಿಸಿದರು. ಸುಳ್ಳು ಲೆಕ್ಕದವಳು ಕಪ್ಪಿನ ಲೆಕ್ಕವನ್ನಾದರೂ ನಿಜ ಮಾಡುತ್ತಾಳೇನು ಎಂದು. ಮಾಘ ಮುಗಿಯುತ್ತ ಬಂದಿತ್ತು. ಬೇಸಿಗೆಗೆ ಒಂದೇ ನಳ, ಮತ್ತು ಅದರ ಎದುರಿಗೆ ಕೂರಬೇಕಾದವಳು ನಾನು.

ಮೂರು ದಿನ ಸಹಿಸಿದೆ. ನಾಲ್ಕನೆಯ ಬೆಳಿಗ್ಗೆ ಸೀಮೆಸುಣ್ಣ ತೆಗೆದುಕೊಂಡು ನನ್ನ ಗೇಣಿನಲ್ಲಿದ್ದ “ಹೂವಿನ ಕಪ್ಪು” ಅಳಿಸಿ ಬರೆದೆ: “ಮುನ್ನೂರು ಎಂದು ಹೇಳಿದವಳು ಈ ಅಂಗಡಿಯವಳು. ಇಂದಿನಿಂದ ನಿಜವಾದ ಎಣಿಕೆ. ಒಂದು ಮನೆಗೆ ಒಂದು ಗೆರೆ. ತಪ್ಪಿದ್ದರೆ ಎಲ್ಲರ ಮುಂದೆ ಹೇಳಿ.”

ವಹಿನಿ ಗಟ್ಟಿಯಾಗಿ ಓದಿದಳು. ಆಮೇಲೆ ಅವಳೇ ಅಂದಳು: “ಮೊದಲ ಗೆರಿ ನಂದು ಎಳಿ. ನನ್ನ ಗಂಡ ಮನ್ಯಾಗ ಅದಾನ, ನೀನ ಅವನ ಚಡ್ಡಿ ತಗೊಂಡೀದಿ.”

ಆ ನಗೆಯಿಂದ ಗಾಡಿ ಹಳಿಗೆ ಬಂತು. ಎಣಿಕೆಗೆ ಒಂದು ವಾರ ಹಿಡಿಯಿತು. ಸಂಜೆಯ ನೀರಿನ ಹೊತ್ತಿಗೆ ನಾನು ಒಂದೊಂದು ಮನೆ ಹೇಳುತ್ತಿದ್ದೆ, ಪಾಳಿಯವರು ಒಪ್ಪಿದರೆ ಗೆರೆ. ಯಾರಾದರೂ ಒಂದು ಮನೆಯನ್ನು ಎರಡು ಮಾಡಲು ಹೋದರೆ ನಾನು ಬಾಯಿ ತೆರೆಯುವ ಮೊದಲೇ ಪಾಳಿ ಹಿಡಿಯುತ್ತಿತ್ತು. ಒಬ್ಬಳು, “ನನ್ನ ಮೈದುನಂದು ಬ್ಯಾರೆ ಒಲಿ,” ಅಂದಳು. “ಬ್ಯಾರೆ ಒಲಿ ಅಂತ! ಆರು ತಿಂಗಳಾತು, ಅವಂದು ಒಂದು ಅಂಗಿನೂ ನಿನ್ನ ಮನಿಯಿಂದ ನನಗ ಬಂದಿಲ್ಲ. ವರ್ಧಾದಾಗ ಅದಾನ,” ಎಂದೆ. “ಅಂಗಿ ಹರಿದಿಲ್ಲ!” “ಅವನ ಅಂಗಿ ಹರಿಯದ ದಿನ ಯಾವುದು, ಬೈನಿ?” ಸುತ್ತ ನಿಂತವರು ಕೊಡ ಬಡಿದು ನಕ್ಕರು. ಗೆರೆ ಬೀಳಲಿಲ್ಲ. ಮರುದಿನ ಅವಳೇ ಇನ್ನೊಬ್ಬಳ ಸುಳ್ಳು ಹಿಡಿದಳು.

ಕೊನೆಗೆ ಗೆರೆಗಳನ್ನು ಕೂಡಿದರೆ ನೂರ ಐವತ್ತೊಂದು. ಓವರ್ಸಿಯರ್ ಹೇಳಿದ್ದಷ್ಟೇ. ಕಾರಕೂನರು ಆಫೀಸಿನ ನಿಯಮ ವಿಚಾರಿಸಿಕೊಂಡು ಬಂದಿದ್ದರು: ತುಂಬಿದ ನಲವತ್ತು ಮನೆಗೆ ಒಂದು ನಳ. “ಮೂರು ನಳ ಆತ್ರಿ, ಅಕ್ಕಾರ, ಹಳೇದು ಹಿಡಿದು. ನೂರಾ ಅರವತ್ತು ಇದ್ದಿದ್ದರ ನಾಲ್ಕು. ಆದರ ಮುಚ್ಚಿದ ಫೈಲ್ ಹ್ಯಾಂಗ ತಗಸೂದು? ಹೊಸಾ ಸಂಗತಿ ಇದ್ದರ ಮಾತ್ರ ತಗೀತಾರಂತ. ಇದು ಅವರದ ಲೆಕ್ಕ, ಹೊಸಾದು ಏನದ?”

ನಾವು ಹೀಗೆ ಮಾತಾಡುವಾಗ ಒಬ್ಬ ಮುದುಕಿ ಸ್ವಲ್ಪ ದೂರದಲ್ಲಿ, ಖಾಲಿ ಡಬ್ಬಿ ಹಿಡಿದು, ಹಲಗೆಯನ್ನು ನೋಡುತ್ತ ನಿಂತಿದ್ದಳು. ಗಲ್ಲಿಯ ಕೊನೆಗೆ ಒಂದು ಕೊಳಕು ನೀರಿನ ನಾಲಾ ಇತ್ತು. ಅದರ ಆಚೆ ರೈಲು ಡಬ್ಬಿ ತೊಳೆಯುವವರ ಮನೆಗಳು. ಅವರ ಕೊಡ ನಮ್ಮ ನಳದ ಪಾಳಿಗೆ ಬರಬಾರದೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆಯದೆಯೇ ನಡೆಯುತ್ತಿತ್ತು. ಇಂಜಿನ್‌ಗೆ ನೀರು ತುಂಬುವ ಕಡೆ ಸೋರಿದ್ದನ್ನು ಅವರು ಹಿಡಿದುಕೊಳ್ಳುತ್ತಿದ್ದರು, ಕಾವಲುಗಾರನ ಮನಸ್ಸು ಬಂದರೆ. ಏಳು ವರ್ಷ ಬುಟ್ಟಿ ಹೊತ್ತ ನಾನು ಆ ನಾಲಾ ದಾಟಿರಲಿಲ್ಲ. ಅವರ ಬಟ್ಟೆ ತೆಗೆದುಕೊಂಡರೆ ಉಳಿದವರು ಕೊಡುವುದನ್ನು ಬಿಡುತ್ತಾರೆ ಎಂಬ ಲೆಕ್ಕ. ಆ ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಮುದುಕಿ ಕೇಳಿದಳು: “ಬಾಯಿ, ನಾವು ಯಾವ ಗೆರಿ?”

ಮುನ್ನೂರು ಎಂದು ಬರೆದಾಗ ಸತ್ತವರನ್ನು ಸೇರಿಸಿದ್ದೆವು. ಕಣ್ಣ ಮುಂದೆ ಇದ್ದವರನ್ನು ಸೇರಿಸಿರಲಿಲ್ಲ.

“ನಿಮ್ಮವು ಎಷ್ಟು ಮನಿ, ಆಜಿ?” ಎಂದೆ.

“ಹನ್ನೊಂದು.”

ನಾನು ದೊಡ್ಡತನದಿಂದ ಎದ್ದೆ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ನನ್ನ ತಲೆಯಲ್ಲಿ ಮೊದಲು ಓಡಿದ್ದು ಕೂಡಿಸುವ ಲೆಕ್ಕ: ನೂರ ಐವತ್ತೊಂದು, ಹನ್ನೊಂದು, ನೂರ ಅರವತ್ತೆರಡು. ನಾಲ್ಕನೆಯ ನಳ. ಎರಡನೆಯದಾಗಿ ಓಡಿದ್ದು: ಓವರ್ಸಿಯರನೂ ನಾಲಾ ದಾಟಿಲ್ಲ. ಇದೇ ಹೊಸ ಸಂಗತಿ. ಮೂರನೆಯದಾಗಿ ನಾಚಿಕೆ ಬಂತು. ತಡವಾಗಿ ಬಂತು, ಆದರೆ ಬಂದದ್ದು ಹೋಗಲಿಲ್ಲ.

ಮರುದಿನ ನಾಲಾದ ಮೇಲಿನ ಹಲಗೆ ದಾಟಿ ಹೋದೆ. ಮನೆಮನೆ ನೋಡಿದೆ. ಹನ್ನೊಂದಕ್ಕೆ ಹನ್ನೊಂದು. ಒಂದು ಮನೆಯಲ್ಲಿ ಬೆಲ್ಲದ ಚಹಾ ಕೊಟ್ಟರು, ಕಿವಿ ಮುರಿದ ಕಪ್ಪಿನಲ್ಲಿ. ಕುಡಿದೆ. ಆಜಿ ಅದನ್ನೇ ನೋಡುತ್ತಿದ್ದಳು.

ಸಂಜೆ ಹನ್ನೊಂದು ಗೆರೆ ಎಳೆದಾಗ ಪಾಳಿಯಲ್ಲಿ ಗುಸುಗುಸು ಎದ್ದಿತು. ಒಬ್ಬಳು ಮುಂದೆ ಬಂದಳು: “ಅವರನ್ನ ಹ್ಯಾಂಗ ಹಚ್ಚಿದಿ? ನಾಳೆ ನಳಕ್ಕೂ ಬರ್ತಾರ.”

ಇಲ್ಲಿ ನನಗೆ ನನ್ನ ಕಸುಬು ನೆನಪಾಯಿತು. ಉಪದೇಶ ಮಾಡಲಿಲ್ಲ. “ಬರೋಬರ್, ಅಳಿಸ್ತೀನಿ,” ಎಂದು ಬಟ್ಟೆ ಎತ್ತಿದೆ. “ಹನ್ನೊಂದು ಅಳಿಸಿದರ ಮೂರು ನಳ. ಇಟ್ಟರ ನಾಲ್ಕು. ನಾಲ್ಕನೇದು ಗಲ್ಲಿಯ ಆ ತುದಿಗೆ ಬರ್ತೈತಿ, ಅಲ್ಲಿಯವರು ಇಲ್ಲಿ ತನಕ ಕೊಡ ಹೊತ್ತು ಬರೂದು ತಪ್ಪತೈತಿ. ಫೈಲ್ ತೆರಿಯೂದೂ ಅವರ ಹೆಸರಿನಿಂದನ. ಅವರಿಲ್ಲದಿದ್ದರ ಮೂರೂ ಇಲ್ಲ, ಈ ಒಂದನ ಗತಿ. ಹೇಳ್ರಿ, ಯಾರ ಕೈಯಿಂದ ಅಳಸಲಿ?”

ಬಟ್ಟೆಯನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಗಲ್ಲಿಯ ಆ ತುದಿಯ ಹೆಂಗಸರು, ದಿನಾ ಎರಡು ಫರ್ಲಾಂಗು ಕೊಡ ಹೊರುವವರು, ಒಟ್ಟಿಗೆ ಕೂಗಿದರು: “ಇರಲಿ! ಇರಲಿ!” ವಹಿನಿ ಕೊನೆಯ ಮೊಳೆ ಹೊಡೆದಳು: “ಸತ್ತ ನಮ್ಮ ಮಾವನ್ನ ಒಂದು ಮನಿ ಅಂತ ಬರಸಿದ್ದು ನಡೀತು, ಜೀವಂತ ಇದ್ದವರು ನಡಿಯಂಗಿಲ್ಲೇನು?”

ಗೆರೆಗಳು ಉಳಿದವು.

ಭಾನುವಾರ ಸಾಹೇಬರು ಬಂದು ನನ್ನ ಗೇಣು ಓದಿದರು. ಎರಡು ಸಲ ಓದಿದರು. ಈ ಸಲ ಅವರೂ ನಂಬಿ ಒಯ್ಯಲಿಲ್ಲ. ಸೈಕಲ್ ನನ್ನ ಅಂಗಡಿಗೆ ಒರಗಿಸಿ, ಪೂರಾ ಗಲ್ಲಿ ನಡೆದು, ನಾಲಾ ದಾಟಿ, ತಾವೇ ಎಣಿಸಿ ಬಂದರು. ಧೋತರದ ಅಂಚು ಕೆಸರಾಗಿತ್ತು. “ನೂರಾ ಅರವತ್ತೆರಡು,” ಅಂದರು. “ಈಗ ನನಗ ಕೇಳಾಕ ಬಾಯಿ ಬಂತು.”

ಸಾಹೇಬರು ಹೊಸ ಎಣಿಕೆ ಬರೆದುಕೊಟ್ಟ ಹತ್ತು ದಿನಕ್ಕೆ ಓವರ್ಸಿಯರ್ ಮತ್ತೆ ಬಂದ. ಈ ಸಲ ಬರುವ ದಿನ ಹಲಗೆಯ ಮೇಲಿತ್ತು, ಗಲ್ಲಿಯೆಲ್ಲ ಬಾಗಿಲಲ್ಲಿ ನಿಂತಿತ್ತು. ಅವನು ಎಣಿಸುತ್ತ ಹೋದ, ನಾವು ಹಿಂದೆ ಹೋದೆವು. ನಾಲಾದ ದಡದಲ್ಲಿ ನಿಂತು ಪುಸ್ತಕ ಮುಚ್ಚಿದ. “ನೂರಾ ಐವತ್ತೊಂದು. ನೀವು ನೂರಾ ಅರವತ್ತೆರಡು ಅಂದೀರಿ. ಮತ್ತ ಸುಳ್ಳು.”

“ಸಾಹೇಬ್,” ವಹಿನಿ ಬಹಳ ಮರ್ಯಾದೆಯಿಂದ ಅಂದಳು, “ಬೂಟು ಹೊಸಾವೇನು?”

“ಯಾಕ?”

“ನಾಲಾ ದಾಟಬೇಕು. ಹೊಸಾ ಇದ್ದರ ಬಿಚ್ಚಿ ಕೊಡ್ರಿ, ನಾ ಹಿಡ್ಕೋತೀನಿ.”

ಆಚೆ ದಡದಲ್ಲಿ ಹನ್ನೊಂದು ಮನೆಯವರು ಸಾಲಾಗಿ ನಿಂತಿದ್ದರು, ಆಜಿ ಎಲ್ಲರ ಮುಂದೆ. ಅವನು ಅವರನ್ನು ನೋಡಿದ, ನಮ್ಮನ್ನು ನೋಡಿದ, ನಾಲಾದ ಕೆಸರು ಹಲಗೆಯ ಮೇಲೆ ಕಾಲಿಟ್ಟ. ಹನ್ನೊಂದು ಬಾಗಿಲು ಎಣಿಸುವಾಗ ಎರಡೂ ದಡದವರು ಒಟ್ಟಿಗೆ ಜೋರಾಗಿ ಎಣಿಸಿದರು. ನೂರ ಅರವತ್ತೆರಡು ಎಂಬ ಕೂಗಿಗೆ ಮೇಲೆ ಹಳಿಯಲ್ಲಿ ನಿಂತಿದ್ದ ಮಾಲುಗಾಡಿಯ ಡ್ರೈವರ್ ಏನೋ ಆಯಿತೆಂದು ತಲೆ ಹೊರಗೆ ಹಾಕಿದ.

ಸಭೆಯಲ್ಲಿ ಎರಡನೆಯ ಸಲ ಪ್ರಶ್ನೆ ಬಂದ ದಿನವೂ ಐದು ಪಾಸು ಸಿಕ್ಕವು. ಒಂದನ್ನು ಆಜಿಗೆ ಕೊಟ್ಟೆವು. ಅವಳು ನನ್ನ ಮತ್ತು ವಹಿನಿಯ ನಡುವೆ ಕುಳಿತಳು. ಸಾಹೇಬರು ಎದ್ದು ಕೇಳಿದ್ದು ಸಣ್ಣ ಪ್ರಶ್ನೆ: ಮೊದಲ ತನಿಖೆಯಲ್ಲಿ ಹನ್ನೊಂದು ಮನೆಗಳು ಯಾಕೆ ಕಾಣಲಿಲ್ಲ? ಈ ಸಲ ಕೆಳಗೆ ಯಾರೂ ನಗಲಿಲ್ಲ. ಮಂತ್ರಿಗಳು ಕಾಗದ ತಿರುವಿದರು, ಅಧಿಕಾರಿಯ ಕಡೆ ಬಾಗಿದರು, ಎದ್ದರು: ತನಿಖೆ ಅಪೂರ್ಣವಾಗಿತ್ತು, ಬೇಸಿಗೆಗೆ ಮುಂಚೆ ಹಳೆಯದು ಸೇರಿ ನಾಲ್ಕು ನಳ ಆಗುತ್ತವೆ. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಬಾರದೆಂದು ಬಾಗಿಲ ಜವಾನ ಮೊದಲೇ ಹೇಳಿದ್ದ. ಆಜಿ ತಟ್ಟಲಿಲ್ಲ. ನನ್ನ ಕೈ ಹಿಡಿದು ಎಷ್ಟು ಒತ್ತಿದಳೆಂದರೆ ಬೆರಳಿನ ಗುರುತು ಸಂಜೆಯವರೆಗೆ ಉಳಿಯಿತು. ಸಾಹೇಬರು ಆ ದಿನ ತಲೆ ಎತ್ತಿ ನಮ್ಮ ಕಡೆ ನೋಡಿದರು.

ನಳ ಬಂದವು. ನಾಲ್ಕನೆಯದನ್ನು ನಾಲಾದ ಈ ದಡದಲ್ಲಿ ಹಾಕಿದರು, ಎರಡೂ ಕಡೆಯವರಿಗೆ. ಮೊದಲ ವಾರ ಎರಡು ಪಾಳಿ ನಿಂತವು, ನಡುವೆ ಒಂದು ಮಾರು ಜಾಗ ಬಿಟ್ಟು. ಚೈತ್ರದ ಬಿಸಿಲು ಏರಿದಂತೆ ನೆರಳು ಒಂದೇ ಕಡೆ ಉಳಿಯಿತು, ಪಾಳಿಯೂ ಒಂದೇ ಆಯಿತು. ಆ ನೆರಳನ್ನೇ ಹೊಗಳಬೇಕೋ ಜನರನ್ನೋ, ನನಗೆ ಇವತ್ತಿಗೂ ಗೊತ್ತಿಲ್ಲ. ನೀರಂತೂ ಎಲ್ಲರಿಗೂ ಸಿಕ್ಕಿತು. ನಾನು ನಾಲಾದ ಆಚೆಗೂ ವ್ಯಾಪಾರಕ್ಕೆ ಹೋಗತೊಡಗಿದೆ. ಹೆದರಿದಂತೆ ಯಾರೂ ಬಟ್ಟೆ ಕೊಡುವುದನ್ನು ಬಿಡಲಿಲ್ಲ. ಏಳು ವರ್ಷದ ಹನ್ನೊಂದು ಮನೆಯ ವ್ಯಾಪಾರ ನಾನೇ ಕಳೆದುಕೊಂಡಿದ್ದೆ.

ನಳ ಬಂದ ಭಾನುವಾರ ಸಾಹೇಬರು ಹಲಗೆಯ ಮೇಲೆ ಬರೆದದ್ದು ಒಂದೇ ಸಾಲು: “ನಾಲ್ಕು ನಳ. ಎಣಿಸಿದವರು ನೀವು.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮ ಗೇಣು ಖಾಲಿ ಐತಲ್ಲ, ಬಾಯಿ?” ಅಂದರು. “ಹೂವಿನ ಕಪ್ಪು ಬಂದಾವ” ಎಂದು ಬರೆದೆ. ಸಂಜೆಯೊಳಗೆ ಕಪ್ಪು ಖಾಲಿ.

ಕೆಲವು ವರ್ಷಕ್ಕೆ ರಾಜ್ಯ ಬೇರೆಯಾಯಿತು, ರಾಜಧಾನಿ ಹೋಯಿತು, ಸಾಹೇಬರು ಸೈಕಲ್ ಬಿಟ್ಟು ಮುಂಬಯಿಯ ರೈಲು ಹತ್ತತೊಡಗಿದರು. ಹಲಗೆಗೆ ಮಾತ್ರ ಪೋಸ್ಟ್ ಕಾರ್ಡ್ ಬರುತ್ತಿತ್ತು, ನಾನು ಅದನ್ನು ನೋಡಿ ಬರೆಯುತ್ತಿದ್ದೆ, ಒಳ್ಳೆಯದು ಬಂದರೂ ಕೆಟ್ಟದ್ದು ಬಂದರೂ.

ಇಷ್ಟು ಓದಿದ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದು ನನ್ನ ಪದ್ಧತಿಯಲ್ಲ. ನಿಮ್ಮ ಶಾಸಕರ ಹತ್ತಿರ ಹೋಗುವುದಿದ್ದರೆ ಹಾರ ಕೊಳ್ಳಬೇಡಿ, ಎಣಿಕೆ ಒಯ್ಯಿರಿ. ಎಷ್ಟು ಬೇಕೋ ಅಷ್ಟೇ ಕೇಳಿ. ಅಂಗಡಿಯಲ್ಲಿ ಬೇಕಾದರೆ ದುಪ್ಪಟ್ಟು ಕೇಳಿ, ಅಲ್ಲಿ ಎದುರಿನವನಿಗೆ ನಿಮ್ಮ ಆಟ ಗೊತ್ತಿರುತ್ತದೆ. ಎಣಿಸುವ ಕೆಲಸವನ್ನು ಒಬ್ಬರೇ ಮಾಡಬೇಡಿ, ಎಲ್ಲರೂ ನಿಲ್ಲುವ ಜಾಗದಲ್ಲಿ ಮಾಡಿ. ಅಕ್ಕಪಕ್ಕದವರ ಕಣ್ಣಿಗಿಂತ ಕಡಕ್ ಓವರ್ಸಿಯರ್ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. ಉತ್ತರ ಯಾವ ದಿನ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ, ಆ ದಿನ ಸ್ವತಃ ಹೋಗಿ ಕೂತುಕೊಳ್ಳಿ. ಬಂದ ಉತ್ತರವನ್ನು, ಅದು ನಿಮ್ಮ ಮುಖಕ್ಕೆ ಹೊಡೆಯುವಂತಿದ್ದರೂ, ಗೋಡೆಗೆ ಹಾಕಿ. ಮತ್ತು ಅರ್ಜಿಗೆ ಸಹಿ ಹಾಕುವ ಮೊದಲು ನಿಮ್ಮ ಗಲ್ಲಿಯ ಕೊನೆಯವರೆಗೆ ನಡೆದು, ಅಲ್ಲಿ ನಾಲಾ ಇದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ನೋಡಿ. ನಿಮ್ಮ ನಾಲ್ಕನೆಯ ನಳ ಅಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿರುತ್ತದೆ.